ಶಿರಸಿ ಪೇಟೆಗೊಂದು ಮ್ಯೂಸಿಯಂ ಆಗ್ಬೇಕು, ಅದರಲ್ಲಿ ಪೇಟೆನೇ ಇರ್ಬೇಕು

ಚಾಲಿ_ರಾಶಿ, ಶಿರಸಿ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೀತಿದೀನಿ, ಪುರ್ಸೊತ್ತಾದಾಗ ಓದಿ. ನಮ್ಮ ಕಡೆ ಹಳೇ ಮನೆ ಕೀಳೋದು ಈಗ ಜೋರಾಗಿದೆ, ಹಿಸೆ (ಆಸ್ತಿ ಪಾಲು) ಆಗುತ್ತೆ, ಮಕ್ಕಳು ಬೆಂಗಳೂರಲ್ಲಿರ್ತಾರೆ, ಅಷ್ಟು ದೊಡ್ಡ ಮನೆ ಸಾರಿಸಿ ಗುಡಿಸೋರು ಯಾರು ಅಂತ ಕಿತ್ತು ಆರ್‌ಸಿಸಿ ಕಟ್ತಾರೆ. ಅದನ್ನ ತಪ್ಪು ಅಂತ ನಾ ಹೇಳಲ್ಲ. ಆದ್ರೆ ಹೆಂಚು ಇಳಿಸೋ ಮೊದಲೇ ಗುಜರಿಯವರ ಗಾಡಿ ಅಂಗಳಕ್ಕೆ ಬಂದಿರುತ್ತೆ. ಕಂಬ, ಬಾಗಿಲು ರೆಸಾರ್ಟಿನವರಿಗೆ, ತಾಮ್ರದ ಕೊಪ್ಪರಿಗೆ ಕೆಜಿ ಲೆಕ್ಕಕ್ಕೆ, ಅಟ್ಟದ ಮೇಲಿನ ಕಿರ್ದಿ (ದಿನದ ಲೆಕ್ಕದ) ಪುಸ್ತಕ ಎಲ್ಲ ಹಂಡೆ ಒಲೆಗೆ.

ಮ್ಯೂಸಿಯಂ ಅಂತ ಯಾರಾದ್ರೂ ಬಾಯಿ ತೆಗೆದ್ರೆ ಮಾತು ಸೀದಾ ಕದಂಬರಿಗೆ ಹೋಗುತ್ತೆ, ಅಲ್ಲಿಂದ ಸೋದೆ ಅರಸರು, ಆಮೇಲೆ ಮಾರಿಕಾಂಬೆ. ಅದೆಲ್ಲ ನಮ್ಮ ಹೆಮ್ಮೆನೇ. ಆದ್ರೆ ಬನವಾಸಿಗೆ ಹೋದ್ರೆ ಮಧುಕೇಶ್ವರ ಕಣ್ಣೆದುರೇ ಇದಾನೆ, ದೇವಿ ಗುಡಿ 1688ರದ್ದು ಅಂತ ಶಾಲೆ ಮಕ್ಕಳಿಗೂ ಗೊತ್ತು. ಈ ಪೇಟೆ ಹೆಂಗೆ ಪೇಟೆ ಆಯ್ತು ಅಂತ ತೋರ್ಸೋಕೆ ಎಂತ ಇದೆ ಹೇಳಿ? ಅಡಕೆ, ಮೆಣಸು, ಏಲಕ್ಕಿ ಇಲ್ದೆ ಇದ್ರೆ ಈ ಊರು ಇಷ್ಟು ದೊಡ್ಡದೇ ಆಗ್ತಿರ್ಲಿಲ್ಲ. 1801ರಲ್ಲಿ ಕಂಪನಿ ಸರ್ಕಾರದ ಬುಕಾನನ್ ಈ ಸೀಮೆ ತಿರುಗಿದಾಗ ತೋಟದ ವಿಷಯ ಬರೆದಿಟ್ಟಿದಾರೆ. ಬೆಳೆಗಾರರು ದಲಾಲರ ಕೈ ನೋಡೋದು ಬೇಡ ಅಂತ ತಾವೇ ಸೇರಿ 1923ರಲ್ಲಿ ಮಾರಾಟ ಸಹಕಾರಿ ಸಂಘ ಟಿಎಸ್‌ಎಸ್ ಕಟ್ಟಿದ್ರು, ನೂರು ವರ್ಷ ದಾಟಿತು. ಇಷ್ಟೆಲ್ಲ ಆದ ಊರಲ್ಲಿ ಒಂದು ಹಳೇ ತಕ್ಕಡಿ ನೋಡ್ಬೇಕು ಅಂದ್ರೆ ಯಾರದಾದ್ರೂ ಮನೆ ಕೊಟ್ಟಿಗೆ ಅಟ್ಟ ಹತ್ಬೇಕು.

ನಮ್ಮನೇಲಿ ಅಜ್ಜನ ಕಾಲದ ಒಂದು ಸೇರು (ಅಳತೆ ಪಾತ್ರೆ) ಇದೆ. ಕಬ್ಬಿಣದ್ದು, ಕಂಠದ ಸುತ್ತ ಹಿತ್ತಾಳೆ ಪಟ್ಟಿ, ಪಟ್ಟಿ ಮೇಲೆ ಸಾಲಾಗಿ ಚಿಕ್ಕ ಚಿಕ್ಕ ಸರ್ಕಾರಿ ಮುದ್ರೆ, ತಪಾಸಣೆ ಆದಾಗೆಲ್ಲ ಒಂದೊಂದು ಹೊಡೆದಿದಾರೆ. ಒಂದು ಕಡೆ ಬಂದು ಮುದ್ರೆ ನಿಂತು ಹೋಗಿದೆ, ಮುಂದೆ ಪಟ್ಟಿ ಖಾಲಿ. ಯಾಕೆ ನಿಂತಿತು ಅಂತ ಯೋಚಿಸಿದ್ರೆ ದೊಡ್ಡ ಕಥೆ ಬಿಚ್ಕೊಳ್ಳುತ್ತೆ. 1956 ನವೆಂಬರ್ 1ಕ್ಕೆ ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಬಂತು, ಮೆಟ್ರಿಕ್ ಅಳತೆ ಕಾಯ್ದೆ ಆಗಿದ್ದೂ ಅದೇ ವರ್ಷ, 1957 ಏಪ್ರಿಲ್‌ಗೆ ಆಣೆ ಹೋಗಿ ನಯಾಪೈಸೆ ಬಂತು, ಅರವತ್ತರ ದಶಕ ಶುರುವಾಗೋ ಹೊತ್ತಿಗೆ ಸೇರು, ಮಣ ಎಲ್ಲ ವ್ಯಾಪಾರದಿಂದ ಹೊರಗೆ. ಐದಾರು ವರ್ಷದೊಳಗೆ ಪೇಟೆಯವರಿಗೆ ರಾಜ್ಯ, ದುಡ್ಡು, ತೂಕ ಮೂರೂ ಬದಲಾಗಿದೆ! ಸೇರಿನ ಲೆಕ್ಕದಲ್ಲಿ ಸಾಲ ತಗೊಂಡವನು ಕಿಲೋ ಲೆಕ್ಕದಲ್ಲಿ ತೀರಿಸ್ಬೇಕಾದಾಗ ಎಂತ ಜಗಳ ಆಗಿರ್ಬಹುದು. ಇದನ್ನ ಹೇಳೋ ಜಾಗ ನಂಗೆ ಬೇಕು. ನಿಮ್ಮಲ್ಲಿ ಯಾರ ಹತ್ರ ಎಂತ ಇದೆ, ಎಲ್ಲಿ ಮಾಡ್ಬಹುದು, ಹೆಂಗೆ ಮಾಡ್ಬಹುದು, ದಯವಿಟ್ಟು ಬರೀರಿ.

ವರದಾ_ದಂಡೆ
ಒಳ್ಳೇ ವಿಚಾರ ಎತ್ತಿದ್ರಿ. ಆದ್ರೆ ಕದಂಬರನ್ನ ಹೊರಗಿಟ್ಟು ಶಿರಸಿ ತಾಲೂಕಿನ ಇತಿಹಾಸ ಹೇಳೋಕಾಗಲ್ಲ ಮಾರಾಯ್ರೆ. ನಮ್ಮ ಬನವಾಸಿ ಗುಡಿ ಅಂಗಳದಲ್ಲಿ ಐದು ಹೆಡೆ ನಾಗರಕಲ್ಲಿದೆ, ಅದರ ಮೇಲೆ ಪ್ರಾಕೃತ ಶಾಸನ, ಕದಂಬರಿಗಿಂತ ಮೊದಲಿನ ಚುಟು ಅರಸರ ಕಾಲದ್ದು. ಆರಂಕುಸಮಿಟ್ಟೊಡಂ ನೆನೆವುದೆನ್ನ ಮನಂ ಅಂತ ಪಂಪ ಸುಮ್ನೆ ಹೇಳಲಿಲ್ಲ. ಇನ್ನೊಂದು, ನಮ್ಮ ಸುತ್ತ ಹಳ್ಳಿ ಹಳ್ಳೀಲಿ ವೀರಗಲ್ಲು, ಮಾಸ್ತಿಕಲ್ಲು ಬಿದ್ದಿವೆ, ದನ ಮೈ ಉಜ್ತಾವೆ, ಕೆಲವು ಕಡೆ ಕಾಲುವೆಗೆ ಅಡ್ಡ ಹಾಕಿ ದಾಟ್ತಾರೆ. ಮ್ಯೂಸಿಯಂ ಆದ್ರೆ ಮೊದಲು ಅವನ್ನೆಲ್ಲ ಟ್ರಾಕ್ಟರಲ್ಲಿ ತಂದು ಒಂದು ಕಡೆ ನಿಲ್ಸಿ.

ಕಾಳಿ_ತೀರ, ಕಾರವಾರ
ವರದಾ ದಂಡೆಯವರೆ, ನಿಮ್ಮ ಸಂಕಟ ಅರ್ಥ ಆಗುತ್ತೆ, ಆದ್ರೆ ಕಲ್ಲನ್ನ ಮಾತ್ರ ಎಬ್ಬಿಸ್ಬೇಡಿ. ನಾನು ಸಂಗ್ರಹಾಲಯದ ಕೆಲಸದಲ್ಲೇ ಇದ್ದು ನಿವೃತ್ತಿ ಆದವನು, ಅದಕ್ಕೇ ಒತ್ತಿ ಹೇಳ್ತಿದೀನಿ. ವೀರಗಲ್ಲು ನಿಂತ ಜಾಗವೇ ಅರ್ಧ ಸಾಕ್ಷಿ. ದನ ಕಾಯೋಕೆ ಹೋಗಿ ಸತ್ತವನ ಕಲ್ಲು ಊರ ಗಡಿಯಲ್ಲಿದ್ರೆ ಗಡಿ ಎಲ್ಲಿತ್ತು, ದಾರಿ ಎಲ್ಲಿತ್ತು ಅಂತ ಅದೇ ಹೇಳುತ್ತೆ. ಶಿರಸಿಗೆ ತಂದು ಸಾಲಾಗಿ ಸಿಮೆಂಟ್ ಕಟ್ಟೆ ಮೇಲೆ ನಿಲ್ಸಿದ್ರೆ ಎಲ್ಲ ಒಂದೇ ಥರ ಕಾಣ್ತಾವೆ. ಹಳ್ಳಿಯವರಿಗೂ ಅದು ದೇವರೇ, ವರ್ಷಕ್ಕೊಮ್ಮೆ ಕಾಯಿ ಒಡೀತಾರೆ. ಸುತ್ತ ಸ್ವಚ್ಛ ಮಾಡಿ, ಓರೆ ಬಿಸಿಲಲ್ಲಿ ಫೋಟೋ ತೆಗೀರಿ (ಬೆಳಿಗ್ಗೆ ಅಥವಾ ಸಂಜೆ, ಮಧ್ಯಾಹ್ನದ ಬಿಸಿಲಲ್ಲಿ ಅಕ್ಷರ ಏಳಲ್ಲ), ಅಳತೆ ಬರ್ಕೊಳ್ಳಿ, ಪುರಾತತ್ವ ಇಲಾಖೆಗೆ ತಿಳಿಸಿ. ಗದ್ದೆ ಉಳುವಾಗ ನಾಣ್ಯ, ನಿಧಿ ಏನಾದ್ರೂ ಸಿಕ್ಕಿದ್ರೆ ಅದು ಮನೇಲಿಟ್ಕೊಳ್ಳೋ ವಸ್ತು ಅಲ್ಲ, ನಿಧಿ ಕಾಯ್ದೆ ಇದೆ, ಜಿಲ್ಲಾಧಿಕಾರಿಗೆ ಹೇಳ್ಲೇಬೇಕು. ಮ್ಯೂಸಿಯಮ್ಮಲ್ಲಿ ಒಂದು ಗೋಡೆ ಪೂರ್ತಿ ತಾಲೂಕಿನ ನಕ್ಷೆ ಮಾಡಿ ಯಾವ ಕಲ್ಲು ಎಲ್ಲಿದೆ ಅಂತ ಗುರುತು ಹಾಕಿ, ಜನ ಅಲ್ಲಿಗೇ ಹೋಗಿ ನೋಡ್ಲಿ.

ಕುಮಟೆಯವ
ಶಿರಸಿ ಪೇಟೆ ಶಿರಸೀಲೇ ಮುಗಿಯಲ್ಲ, ಘಟ್ಟ ಇಳಿದು ನಮ್ಮಲ್ಲಿಗೂ ಬರುತ್ತೆ. ಈಗ ದೇವಿಮನೆ ಘಟ್ಟ ಬಸ್ಸಲ್ಲಿ ನಿದ್ದೆ ಮಾಡ್ತಾ ಇಳೀತೀರಿ, ಆಗ ಎತ್ತಿನ ಗಾಡಿ ಸಾಲು ಸಾಲು ಇಳೀತಿತ್ತು. ಇದನ್ನ ಸ್ವಲ್ಪ ಬಿಡಿಸಿ ಹೇಳ್ತೆ ಕೇಳಿ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಇಂಗ್ಲೆಂಡ್ ಗಿರಣಿಗೆ ಅಲ್ಲಿನ ಹತ್ತಿ ಬರೋದು ನಿಂತೋಯ್ತು, ಇವರ ಕಣ್ಣು ಧಾರವಾಡ ಹುಬ್ಬಳ್ಳಿ ಹತ್ತಿ ಮೇಲೆ ಬಿತ್ತು. ಆ ಹತ್ತಿ ಘಟ್ಟ ಇಳಿದು ಕುಮಟೆಗೆ ಬಂದು ಪತ್ತೇಮಾರಿ ಅನ್ನೋ ಹಾಯಿ ಹಡಗಲ್ಲಿ ಮುಂಬಯಿಗೆ ಹೋಗ್ತಿತ್ತು. ಬೆಳೆಯೋದು ಬಯಲುಸೀಮೇಲಿ, ಹೆಸರು ಮಾತ್ರ ವ್ಯಾಪಾರದವರ ಬಾಯಲ್ಲಿ ಕುಮಟಾ ಹತ್ತಿ ಅಂತಲೇ ನಿಂತಿತು. ಉತ್ತರ ಕನ್ನಡವನ್ನ ಮದ್ರಾಸಿಂದ ಬಿಡಿಸಿ 1862ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆ ಮ್ಯಾಂಚೆಸ್ಟರ್ ಹತ್ತಿ ವ್ಯಾಪಾರಿಗಳ ಒತ್ತಡವೂ ಇತ್ತು, ಕಾರವಾರ ಬಂದರು ಮೇಲೆ ಬಂದದ್ದೂ ಅದೇ ಗದ್ದಲದಲ್ಲಿ. ಯುದ್ಧ 1865ಕ್ಕೆ ಮುಗೀತು, ಹತ್ತಿ ದರ ಬಿತ್ತು, ಆಮೇಲೆ 1880ರ ದಶಕದಲ್ಲಿ ಗೋವಾದ ಮುರಗಾಂವ್‌ಗೆ ರೈಲು ಬಂದು ಬಯಲುಸೀಮೆ ಮಾಲೆಲ್ಲ ಆ ಕಡೆ ತಿರುಗಿತು, ಕುಮಟೆ ಕಾರವಾರ ಎರಡಕ್ಕೂ ಪೆಟ್ಟು. ನಮ್ಮ ಕರಾವಳಿಗೆ ರೈಲು ಪೂರ್ತಿ ಬಂದದ್ದು 1998ಕ್ಕೆ, ನೂರಕ್ಕೂ ಹೆಚ್ಚು ವರ್ಷ ಕಾದ್ವಿ. ಒಂದು ಬಂದರು ಹೆಂಗೆ ಏಳುತ್ತೆ ಹೆಂಗೆ ಬೀಳುತ್ತೆ ಅನ್ನೋದು ಇಷ್ಟು ಸ್ಪಷ್ಟವಾಗಿ ಕಾಣೋ ಊರು ಬೇರೆ ಯಾವುದಿದೆ? ನೀವು ಮ್ಯೂಸಿಯಂ ಮಾಡೋದಾದ್ರೆ ಗಾಡಿ ರಸ್ತೆಗೆ ಒಂದು ಕೋಣೆ ಕೊಡ್ಲೇಬೇಕು.

ಮಾರ್ಕೆಟ್_ಯಾರ್ಡ್
ಎಲ್ಲರೂ ತಿಳ್ದೋರು ಬರೀತಿದೀರಿ, ನಾನು ನೋಡಿದ್ದು ಹೇಳ್ತೀನಿ. ನಮ್ಮಪ್ಪ ಪೇಟೇಲಿ ಹಮಾಲಿ ಮಾಡ್ತಿದ್ರು. ಚೀಲ ಎಳೆಯೋ ಕಬ್ಬಿಣದ ಕೊಕ್ಕೆ, ಹಿಡಿ ಮರದ್ದು, ಬಲಗೈ ಹೆಬ್ಬೆರಳು ಕೂರೋ ಕಡೆ ತಗ್ಗು ಬಿದ್ದಿದೆ, ನಾನು ಹಿಡಿದ್ರೆ ನನ್ನ ಹೆಬ್ಬೆರಳು ಅಲ್ಲಿ ಕೂರಲ್ಲ, ಅವರ ಕೈ ದೊಡ್ಡದು. ಚೀಲದ ಬಾಯಿ ಹೊಲಿಯೋ ದಬ್ಬಣನೂ ಇದೆ. ಮಾತಿಗೆ ಪೇಟೆ ಅಂದ್ರೆ ಎಲ್ಲರೂ ಸಾವಕಾರ್ರ ಬಗ್ಗೆ ಮಾತಾಡ್ತಾರೆ, ಬೆಳೆಗಾರರ ಬಗ್ಗೆ ಮಾತಾಡ್ತಾರೆ. ಹಳೇ ಫೋಟೋದಲ್ಲಿ ಅವರು ಕುರ್ಚಿ ಮೇಲೆ ಕೂತಿರ್ತಾರೆ, ಹಿಂದೆ ನಿಂತೋರ ಹೆಸರು ಯಾರೂ ಬರೆದಿರಲ್ಲ. ಲಾರಿ ಬರೋ ಮೊದಲು ಗಾಡಿ ಹೊಡೆದೋರು, ಚೀಲ ಹೊತ್ತೋರು, ವಖಾರಿಯಲ್ಲಿ (ಗೋದಾಮು) ರಾತ್ರಿ ಕಾವಲು ಕೂತೋರು, ಅವರನ್ನೂ ಹೆಸರು ಹಿಡಿದು ಬರೆಯೋದಾದ್ರೆ ನಾನು ಕೊಕ್ಕೆ ಕೊಡ್ತೀನಿ. ಇಲ್ದಿದ್ರೆ ನಮ್ಮನೇಲೇ ಇರ್ಲಿ.

ಬೆಟ್ಟದ_ಹೂವು, ಸಿದ್ದಾಪುರ
ಮೇಲಿನ ತಮ್ಮ ಹೇಳಿದ್ದು ಓದಿ ಸುಮ್ನೆ ಇರೋಕಾಗಲಿಲ್ಲ. ಹೆಂಗಸರ ಮಾತು ಇನ್ನೂ ಯಾರೂ ಎತ್ತಲೇ ಇಲ್ಲ ನೋಡಿ. ಅಡಕೆ ಪೇಟೆಗೆ ಹೋಗೋ ಮೊದಲು ಯಾರ ಕೈ ದಾಟಿ ಹೋಗ್ತಿತ್ತು? ಹಸಿ ಅಡಕೆ ಕೊಯ್ಲಾದ್ರೆ ತಡ ಮಾಡೋ ಹಾಗಿಲ್ಲ, ಸುಲಿದು ಬೇಯ್ಸಿ ಒಣಗಿಸಿದ್ರೆ ಮಾತ್ರ ಕೆಂಪಡಕೆ, ರಾಶಿ. ಚಾಲಿ ಆದ್ರೆ ಹಣ್ಣಡಕೆ ಸಿಪ್ಪೆ ಸಮೇತ ತಿಂಗಳ ಮೇಲೆ ಬಿಸಿಲಿಗೆ ಹಾಕಿ ಆಮೇಲೆ ಸುಲಿಯೋದು, ಅದಕ್ಕೆ ಅಷ್ಟು ಅವಸರ ಇಲ್ಲ. ಕೆಂಪಡಕೆಗೆ ಅವಸರ ಇದ್ದದ್ದರಿಂದ ಕೊಯ್ಲಿನ ದಿನಗಳಲ್ಲಿ ಸುತ್ತಿನ ಹೆಂಗಸರೆಲ್ಲ ಸಂಜೆ ಮೇಲೆ ಬಂದು ಮೆಟ್ಟುಗತ್ತಿ ಮುಂದೆ ಕೂತ್ರೆ ನಡುರಾತ್ರಿ ದಾಟ್ತಿತ್ತು. ಹಲಗೆ ಮೇಲೆ ಒಂದು ಕಾಲು ಮಡ್ಚಿ ಕೂತು ಅಡಕೇನ ಕತ್ತಿಗೆ ಒತ್ತಿ ಒಂದೇ ಏಟಿಗೆ ಸಿಪ್ಪೆ ಬಿಡಿಸೋದು, ಕಣ್ಣು ಬೇರೆ ಕಡೆ ಇದ್ರೂ ಕೈ ತಪ್ತಿರ್ಲಿಲ್ಲ. ಬೆರಳ ತುದಿ ಚೊಗರಿಗೆ ಕಪ್ಪಾಗಿ ಯುಗಾದಿವರೆಗೂ ಹೋಗ್ತಿರ್ಲಿಲ್ಲ. ಕೂಲಿ ಅಳತೆ ಲೆಕ್ಕದಲ್ಲಿ. ಹಾಡು, ಒಗಟು, ಊರ ಸುದ್ದಿ, ಯಾರ ಮಗಳಿಗೆ ಎಲ್ಲಿ ಗಂಡು ನೋಡಿದಾರೆ, ಎಲ್ಲ ಅಲ್ಲೇ. ಈಗ ಸುಲಿಯೋ ಮಷಿನ್ ಬಂದಿದೆ, ಬೆನ್ನು ನೋವು ತಪ್ಪಿತು, ಅದು ಬೇಕಾಗಿದ್ದೇ. ಆದ್ರೆ ಸುಲಿಯೋಕೆ ಕೂತವರ ಮಾತನ್ನ ಈಗಲೇ ರೆಕಾರ್ಡ್ ಮಾಡ್ದೆ ಇದ್ರೆ ಇನ್ನು ಹತ್ತು ವರ್ಷಕ್ಕೆ ಕೇಳೋಕೆ ಯಾರೂ ಸಿಗಲ್ಲ. ನಮ್ಮೂರಲ್ಲಿ ಎಂಬತ್ತು ದಾಟಿದವರು ಇದ್ದಾರೆ, ಹಾಡು ನೆನಪಿದೆ, ಕೂತು ಕೇಳೋ ಜನ ಬೇಕು.

ಇನ್ನೊಂದು ಮಾತು. ಬ್ರಿಟಿಷರಿಗೆ ಕಂದಾಯ ಕೊಡಲ್ಲ ಅಂತ ಹೂಡಿದ ಕರನಿರಾಕರಣೆ ಕಾಲದಲ್ಲಿ ನಮ್ಮ ಸಿದ್ದಾಪುರ, ಶಿರಸಿ, ಅಂಕೋಲಾ ಕಡೆ ತೋಟ ಗದ್ದೆ ಎಲ್ಲ ಜಪ್ತಿ ಆಯ್ತಲ್ಲ, ಆಗ ಮನೆ ನಡೆಸಿದ್ದೂ ಹೆಂಗಸರೇ, ಬೀದಿಗಿಳಿದು ಸತ್ಯಾಗ್ರಹ ಮಾಡಿದ್ದೂ ಹೆಂಗಸರೇ. ಮಾವಿನಗುಂಡಿಯಲ್ಲಿ ಸ್ಮಾರಕ ಇದೆ, ಜೋಗಕ್ಕೆ ಹೋಗೋರು ಕಾರು ನಿಲ್ಸದೆ ಹೋಗ್ತಾರೆ.

ಅಂಕೋಲಾ_ಕಡೆ
ಅಕ್ಕ ಹೇಳಿದ್ದು ಖರೆ. ನಮ್ಮ ಅಂಕೋಲಾದಾಗ 1930 ಏಪ್ರಿಲ್ 13ಕ್ಕೆ ಉಪ್ಪಿನ ಕಾಯ್ದೆ ಮುರಿದ್ರು, ಮುಂದಾಳು ಎಂ.ಪಿ. ನಾಡಕರ್ಣಿಯವರು. ಉಪ್ಪು ಅಂದ್ರೆ ಸಾಣಿಕಟ್ಟಾನೂ ನೆನಪಾಗ್ತದೆ, ಗೋಕರ್ಣದ ಹತ್ರ, ಇವತ್ತಿಗೂ ಉಪ್ಪಿನ ಆಗರ ಇದೆ. ಶಿರಸಿ ಅಡಕೆ ಮೆಣಸು ಘಟ್ಟ ಇಳೀತಿದ್ರೆ ನಮ್ಮ ಉಪ್ಪು, ಒಣಮೀನು, ತೆಂಗು ಘಟ್ಟ ಹತ್ತುತಿತ್ತು, ಖಾಲಿ ಗಾಡಿ ಯಾರೂ ಹೊಡೀತಿರ್ಲಿಲ್ಲ. ಹಾಲಕ್ಕಿ ಒಕ್ಕಲಿಗರ ಸುಗ್ಗಿ ತುರಾಯಿ, ಕರಿಮಣಿ ಸರ ಇದನ್ನೆಲ್ಲ ಗಾಜಿನ ಪೆಟ್ಟಿಗೇಲಿ ಗೊಂಬೆಗೆ ತೊಡ್ಸಿ ಇಡೋದು ನಂಗೆ ಮನಸ್ಸಿಗೆ ಬರೂದಿಲ್ಲ. ಸುಕ್ರಜ್ಜಿ (ಸುಕ್ರಿ ಬೊಮ್ಮಗೌಡ), ತುಳಸಜ್ಜಿ (ತುಳಸಿ ಗೌಡ) ಇಬ್ಬರೂ ಹೋಗ್ಬಿಟ್ರು, ಇಬ್ಬರಿಗೂ ಪದ್ಮಶ್ರೀ ಬಂದಿತ್ತು, ಒಬ್ಬರ ಬಾಯಲ್ಲಿ ಹಾಡು, ಇನ್ನೊಬ್ಬರ ಕೈಯಲ್ಲಿ ಗಿಡ. ಗೊಂಬೆ ಮಾಡಿ ಇಟ್ರೆ ಅವರ ದನಿ ಬರ್ತದಾ? ಬದುಕಿರೋ ಜನರನ್ನ ಕರ್ಸಿ, ಗೌರವಧನ ಕೊಟ್ಟು, ಅವರೇ ಹೇಳೋ ಹಾಗೆ ಮಾಡಿ.

ನೆಟ್_ಇದ್ರೆ_ಸಾಕು
ಕಟ್ಟಡ, ಬಾಡಿಗೆ, ವಾಚ್‌ಮನ್ ಎಲ್ಲ ಯಾಕೆ? ಫೋಟೋ ತೆಗೆದು ವೆಬ್‌ಸೈಟಿಗೆ ಹಾಕಿದ್ರೆ ಪ್ರಪಂಚದವರೆಲ್ಲ ನೋಡ್ತಾರಲ್ವಾ. ಮಳೆಗಾಲದ ಭಯನೂ ಇಲ್ಲ.

ಚಾಲಿ_ರಾಶಿ, ಶಿರಸಿ
ಫೋಟೋನೂ ಬೇಕು, ಖಂಡಿತ. ಆದ್ರೆ ತಮ್ಮ ಹೇಳಿದ ಕೊಕ್ಕೆಯ ತಗ್ಗಿನಲ್ಲಿ ಹೆಬ್ಬೆರಳು ಇಟ್ಟು ನೋಡೋದು ಫೋಟೋದಲ್ಲಿ ಆಗಲ್ಲ. ಶಾಲೆ ಹುಡುಗ್ರು ಒಂದು ಮಣದ ಗುಂಡು ಎತ್ತೋಕೆ ಹೋಗಿ ಉಸ್ಸಪ್ಪಾ ಅಂದ್ರೆ ಅವರಿಗೆ ಪೇಟೆ ಅರ್ಥ ಆಗುತ್ತೆ. ಮುಟ್ಟೋಕೆ ಕೊಡೋ ವಸ್ತು ಬೇರೆ, ಕಾಪಾಡೋ ವಸ್ತು ಬೇರೆ ಅಂತ ಎರಡು ಭಾಗ ಮಾಡಿದ್ರಾಯ್ತು. ಜಾಗದ ವಿಷಯಕ್ಕೆ ನಂಗೆ ಅನ್ಸೋದು, ಹೊಸ ಕಟ್ಟಡ ಬೇಡವೇ ಬೇಡ. ಹಳೇ ವಖಾರಿ ಒಂದು ಸಿಕ್ರೆ ಅದಕ್ಕಿಂತ ಒಳ್ಳೇದಿಲ್ಲ, ಕಲ್ಲುಗೋಡೆ, ಎತ್ತರದ ಮಾಡು, ಮಂಗಳೂರು ಹೆಂಚು. ಹೆಂಚು ತಿರುಗಿಸಿ ನೋಡಿದ್ರೆ ಕಂಪನಿ ಹೆಸರು ಅಚ್ಚೊತ್ತಿರುತ್ತೆ. 1865ರಲ್ಲಿ ಬಾಸೆಲ್ ಮಿಶನ್ನವರು ಮಂಗಳೂರಲ್ಲಿ ಶುರು ಮಾಡಿದ ಕೆಲಸ ಘಟ್ಟದ ಮೇಲಿನ ನಮ್ಮ ಮಾಡಿಗೂ ಬಂದು ಸೋಗೆ, ಹುಲ್ಲನ್ನ ಓಡಿಸಿತು. ಕಟ್ಟಡವೇ ಮೊದಲ ವಸ್ತು ಆಗುತ್ತೆ.

ಕಾಳಿ_ತೀರ, ಕಾರವಾರ
ಜಾಗ ಆಮೇಲೆ, ಮೊದಲು ರಿಜಿಸ್ಟರ್. ಇದನ್ನ ಎಷ್ಟು ಒತ್ತಿ ಹೇಳಿದ್ರೂ ಕಡಿಮೆ. ಹಿಂದೆ ನಮ್ಮ ಪರಿಚಯದ ಒಂದು ಮನೆಯವರು ಒಂದು ಸಂಸ್ಥೆಗೆ ಓಲೆಗರಿ ಕಟ್ಟು, ದೀಪ, ಹಳೇ ಪಟ ಎಲ್ಲ ಕೊಟ್ರು, ರಸೀದಿ ಇಲ್ಲ, ಪಟ್ಟಿ ಇಲ್ಲ. ಕಾರ್ಯದರ್ಶಿ ಬದಲಾದ್ಮೇಲೆ ಕೇಳಿದ್ರೆ ಯಾವ ದೀಪ ಅಂದ್ರು. ಹೀಗಾದ್ರೆ ಊರವರ ನಂಬಿಕೆ ಮತ್ತೆ ಬರಲ್ಲ. ಒಂದು ವಸ್ತು ಬಂತು ಅಂದ್ರೆ ಅದೇ ದಿನ ನಂಬರ್ ಬೀಳ್ಬೇಕು, ಕೊಟ್ಟವರು ಯಾರು, ಯಾವ ಊರು, ಯಾವ ಮನೆ, ಯಾರು ಬಳಸ್ತಿದ್ರು, ಯಾವುದಕ್ಕೆ, ಎಲ್ಲಿ ಬಿರುಕಿದೆ, ಉದ್ದ ಅಗಲ ತೂಕ, ದಾನವೋ ಸಾಲವೋ, ಎರಡು ಪ್ರತಿ ಸಹಿ ಮಾಡಿ ಒಂದು ಕೊಟ್ಟವರಿಗೆ. ಬಳಸಿದವರ ಹೆಸರಿಗೆ ರಿಜಿಸ್ಟರಲ್ಲಿ ಒಂದು ಕಾಲಮ್ಮೇ ಇರ್ಲಿ, ಹಮಾಲರ ಕೊಕ್ಕೆಯ ವಿಷಯಕ್ಕೆ ಅದೇ ಉತ್ತರ.

ತೊಳೆಯೋದು, ಉಜ್ಜೋದು ಬೇಡ. ಕೊಡೋ ಮೊದಲು ಚಂದ ಕಾಣ್ಲಿ ಅಂತ ಹುಣಸೆಹಣ್ಣು ಹಾಕಿ ತಾಮ್ರ ಹಿತ್ತಾಳೆ ತಿಕ್ತಾರೆ, ಮದುವೆ ಉಡುಗೊರೆ ಪಾತ್ರೆ ಮೇಲೆ ಚುಕ್ಕಿ ಚುಕ್ಕಿ ಹೊಡೆದು ಬರೆಸಿದ ಹೆಸರು, ಇಸವಿ ಇರುತ್ತಲ್ಲ, ಅದು ಸವೆದು ಹೋಗುತ್ತೆ. ಕಬ್ಬಿಣಕ್ಕೆ ನಮ್ಮ ಕರಾವಳಿ ಗಾಳಿ ಶತ್ರು. ಘಟ್ಟದ ಮೇಲೆ ಉಪ್ಪು ಗಾಳಿ ಇಲ್ಲ, ಆದ್ರೆ ನಾಲ್ಕು ತಿಂಗಳು ಥಂಡಿ, ಬೂಸ್ಟು, ಗೋಡೆಗೆ ಒರಗಿಸಿ ಏನನ್ನೂ ಇಡ್ಬೇಡಿ, ಗೆದ್ದಲು ಗೋಡೆಯಿಂದಲೇ ಬರೋದು. ಓಲೆಗರಿ ಬಿರುಸಾಗಿದ್ರೆ ಮಜ್ಜಿಗೆ ಹುಲ್ಲಿನ ಎಣ್ಣೆ ಸವರೋದು ಹಳೇ ಕ್ರಮ, ಅದೂ ತಿಳಿದವರ ಕೈಲಿ. ಹಳೇ ಕಾಗದ ಲ್ಯಾಮಿನೇಶನ್ ಮಾತ್ರ ಮಾಡಿಸ್ಬೇಡಿ, ಆಮೇಲೆ ಅದನ್ನ ಬಿಡಿಸೋಕೇ ಆಗಲ್ಲ. ನೂರು ವರ್ಷ ದಾಟಿದ ವಸ್ತು, ಎಪ್ಪತ್ತೈದು ದಾಟಿದ ಹಸ್ತಪ್ರತಿಗೆ 1972ರ ಪುರಾವಸ್ತು ಕಾಯ್ದೆ ಬರುತ್ತೆ, ಕೆಲವಕ್ಕೆ ನೋಂದಣಿ ಬೇಕು, ಇಲಾಖೆಯವರನ್ನ ಒಮ್ಮೆ ಕೇಳಿ.

ಕಾವಿ ಚಿತ್ರದ ಬಗ್ಗೆಯೂ ಹೇಳ್ಬೇಕು. ಸುಣ್ಣದ ಗಾರೆ ಮೇಲೆ ಕೆಮ್ಮಣ್ಣಿನ ಪದರ, ಅದು ಹಸಿ ಇರುವಾಗಲೇ ಕಂಟದಿಂದ (ಚೂಪು ಮೊನೆಯ ಕಡ್ಡಿ) ಕೆರೆದ್ರೆ ಒಳಗಿನ ಬಿಳಿ ಕಾಣುತ್ತೆ. ಶಿರಸಿ ದೇವಿ ಗುಡೀಲಿ ನೋಡಿರ್ತೀರಿ. ಕರಾವಳಿಯ ಎಷ್ಟೋ ಗುಡಿಯಲ್ಲಿ ಜೀರ್ಣೋದ್ಧಾರ ಅಂತ ಗೋಡೆನೇ ಕೆಡವಿದ್ರು. ಗುಡಿ ಗೋಡೆ ಮ್ಯೂಸಿಯಮ್ಮಿಗೆ ತರೋಕಾಗಲ್ಲ, ಆದ್ರೆ ಉಳಿದಿರೋ ಪ್ರತಿ ಗೋಡೆಯ ಫೋಟೋ ತೆಗೆದಿಡ್ಬಹುದು, ಈ ಬೇಸಿಗೇಲೇ.

ಸೋಂದಾ_ಸೀಮೆ
ನಮ್ಮಲ್ಲಿ ಕಡತ ಇದೆ. ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲು ಬಳಿದು ಕಪ್ಪು ಮಾಡಿ ಮಡಿಕೆ ಮಡಿಕೆಯಾಗಿ ಮಡಚಿದ್ದು, ಮೇಲೆ ಬಳಪದಲ್ಲಿ ಬರೆದ ಲೆಕ್ಕ. ತೋಟದ್ದೋ ವ್ಯಾಪಾರದ್ದೋ ತಿಳೀತಿಲ್ಲ, ಮೋಡಿ ಕನ್ನಡ (ಅಕ್ಷರ ಕೂಡಿಸಿ ವೇಗವಾಗಿ ಬರೆಯೋ ಬರಹ), ಓದೋಕೆ ಬರ್ತಿಲ್ಲ. ಕೈ ತಾಗಿದ್ರೆ ಅಕ್ಷರ ಅಳಿಸೋ ಹಾಗಿದೆ. ಎಂತ ಮಾಡ್ಲಿ?

ಕಾಳಿ_ತೀರ, ಕಾರವಾರ
ಬಳಪ ಅಲ್ವಾ, ಒರೆಸಿದ್ರೆ ಹೋಯ್ತು. ಒರೆಸಬೇಡಿ, ಊದಬೇಡಿ, ಒದ್ದೆ ಕೈ ಬೇಡ. ಕಿಟಕಿ ಹತ್ರ ಹಲಗೆ ಮೇಲೆ ಒಂದೊಂದೇ ಮಡಿಕೆ ಬಿಚ್ಚಿ ಫೋಟೋ ತೆಗೀರಿ, ಪಕ್ಕದಲ್ಲಿ ಒಂದು ಸ್ಕೇಲ್ ಇಡಿ, ಮಡಿಕೆ ನಂಬರ್ ಚೀಟಿ ಇಡಿ. ಬಲವಂತವಾಗಿ ಬಿಚ್ಚೋದು ಬೇಡ, ಅಂಟಿದ್ರೆ ಹಾಗೇ ಬಿಡಿ. ಹತ್ತಿ ಬಟ್ಟೇಲಿ ಸಡಿಲವಾಗಿ ಸುತ್ತಿ ಮರದ ಪೆಟ್ಟಿಗೇಲಿಡಿ, ಪ್ಲಾಸ್ಟಿಕ್ ಕವರ್ ಬೇಡ.

ಕುಮಟೆಯವ
ನಮ್ಮನೇಲೂ ಒಂದು ಖತಾವಣಿ (ಖಾತೆವಾರು ಲೆಕ್ಕದ ಪುಸ್ತಕ) ಇದೆ, ಅಜ್ಜನ ಅಪ್ಪನ ಕಾಲದ್ದು. ಅದರಲ್ಲಿ ಶಿರಸಿ ಕಡೆಯವರ ಖಾತೆ ಬೇರೆ ಬೇರೆ ಪುಟದಲ್ಲಿ ಬರ್ತದೆ, ಅಡಕೆ ಜಮೆ, ಉಪ್ಪು ಖರ್ಚು. ಊರ ಹೆಸರು ಓದೋಕೆ ಬರ್ತದೆ, ಅಂಕಿ ಪಕ್ಕದ ಗುರುತು ತಿಳೀತಿಲ್ಲ. ಸೋಂದೆಯವರ ಕಡತ, ನಮ್ಮ ಖತಾವಣಿ ಎರಡೂ ಒಟ್ಟಿಗೆ ಇಟ್ಟು ನೋಡಿದ್ರೆ ಎರಡೂ ಕಡೆ ಒಂದೇ ಹೆಸರು ಸಿಗಬಹುದು.

ಚಾಲಿ_ರಾಶಿ, ಶಿರಸಿ
ಕುಮಟೆಯವರೆ, ಇದು ಕೇಳಿ ಭಾಳ ಖುಷಿ ಆಯ್ತು. ನಮ್ಮ ಪೇಟೇಲಿ ಹಳೇ ಕಿರ್ದಿ ಸಲೀಸಾಗಿ ಓದೋ ಹಿರಿಯರೊಬ್ಬರಿದಾರೆ, ಚಿಕ್ಕಂದಿನಲ್ಲಿ ದಲಾಲಿ ಅಂಗಡೀಲಿ ಗುಮಾಸ್ತಿಕೆ ಮಾಡಿದವರು. ಅವರ ಹತ್ರ ಮಾತಾಡಿದೀನಿ, ಸಂತೆ ದಿನ ಒಂದು ಬಿಟ್ಟು ಯಾವತ್ತಾದ್ರೂ ಬನ್ನಿ ಅಂದಿದಾರೆ. ಬರೋ ಭಾನುವಾರ ಬೆಳಿಗ್ಗೆ ನಮ್ಮನೇಲಿ ಸೇರೋಣ, ಊಟ ಇಲ್ಲೇ. ಕಾಳಿ ತೀರದವರು ಬರೋದಾದ್ರೆ ರಿಜಿಸ್ಟರ್ ಹೆಂಗೆ ಗೆರೆ ಹಾಕ್ಬೇಕು ಅಂತ ಅಲ್ಲೇ ತೋರಿಸಿಕೊಡಿ, ನಾನು ದಪ್ಪ ರಟ್ಟಿನ ಪುಸ್ತಕ ತಂದಿಟ್ಟಿರ್ತೀನಿ. ಸಿದ್ದಾಪುರದ ಅಕ್ಕ, ಹಾಡು ಬರೋ ಅಜ್ಜಿಯರನ್ನ ಇಲ್ಲಿಗೆ ಕರೆಸಿ ದಣಿಸೋದು ಬೇಡ, ರೆಕಾರ್ಡರ್ ತಗೊಂಡು ನಾವೇ ಅಲ್ಲಿಗೆ ಬರ್ತೀವಿ, ಯಾವತ್ತು ಅನುಕೂಲ ಅಂತ ತಿಳ್ಸಿ.

ಮಾರ್ಕೆಟ್_ಯಾರ್ಡ್
ಭಾನುವಾರ ಬರ್ತೀನಿ. ಅಪ್ಪನ ಜೊತೆ ಕೆಲಸ ಮಾಡಿದ ಇಬ್ಬರು ಇನ್ನೂ ಇದಾರೆ, ಅವರನ್ನೂ ಕರ್ಕೊಂಡು ಬರ್ಲಾ? ಒಬ್ಬರಿಗೆ ಮೊಣಕಾಲು ನೋವು, ಮೆಟ್ಟಿಲು ಹತ್ತೋದು ಕಷ್ಟ, ಕೆಳಗೇ ಕೂರೋಕೆ ಜಾಗ ಇದ್ರೆ ಹೇಳಿ.

ಚಾಲಿ_ರಾಶಿ, ಶಿರಸಿ
ಖಂಡಿತ ಕರ್ಕೊಂಡು ಬನ್ನಿ. ಜಗುಲೀಲೇ ಕೂರೋಣ, ಮೆಟ್ಟಿಲಿಲ್ಲ. ಹೊರಡೋ ಮೊದಲು ಒಂದು ಫೋನ್ ಮಾಡಿ, ಬಸ್‌ಸ್ಟ್ಯಾಂಡಿಗೆ ಗಾಡಿ ಕಳಿಸ್ತೀನಿ.